ಸೈಕಲ್ಲಿನ ದೀಪ ಎಲ್ಲಿರಬೇಕು?

ಮಾಗಿಯ ಚಳಿ ಕಾಲಿಟ್ಟಿದೆ. ನಮ್ಮ ತಾಳವಾಡಿ ಸೀಮೆಯಲ್ಲಿ ಈಗ ಸಂಜೆ ಆರೂವರೆಗೆಲ್ಲ ಕತ್ತಲು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಡುವ ಹೊತ್ತಿಗೆ ದಾರಿಯ ತುಂಬ ಮಂಜು. ಮನೆಮನೆಗೂ ಮೋಟಾರ್ ಸೈಕಲ್ ಬಂದಿದೆ ಎನ್ನುತ್ತಾರೆ. ಆದರೂ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬೂಸಾ ಚೀಲ ಸಾಗಿಸಲು, ಹೊತ್ತಲ್ಲದ ಹೊತ್ತಿನಲ್ಲಿ ತೋಟಕ್ಕೆ ಹೋಗಿ ಮೋಟಾರು ಹಾಕಲು ಸೈಕಲ್ಲನ್ನೇ ನಂಬಿದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥವರಿಗಾಗಿ ಈ ಮಾತು.

ಕಳೆದ ಮಾಗಿಯಲ್ಲಿ ನಮ್ಮ ಮನೆಯಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇವೆ. ನಸುಕಿನಲ್ಲಿ ಹಾಲು ಕೊಂಡೊಯ್ಯುತ್ತಿದ್ದ ನಮ್ಮ ತಮ್ಮ, ಅಂಚು ಕುಸಿದ ಮೋರಿಯ ಮೇಲಿಂದ ಸೈಕಲ್ ಸಮೇತ ಹಳ್ಳಕ್ಕೆ ಬಿದ್ದ. ಹಾಲು ಹೋಯಿತು, ಅದು ದೊಡ್ಡದಲ್ಲ. ಬಲಗೈ ಮಣಿಕಟ್ಟು ಮುರಿದು ಆರು ವಾರ ಕಟ್ಟು ಹಾಕಿಸಿಕೊಳ್ಳಬೇಕಾಯಿತು. ಅದೂ ಅರಿಶಿನ ಕೀಳುವ ಕಾಲ. ಆಸ್ಪತ್ರೆಯ ಖರ್ಚಿಗಿಂತ ಕೂಲಿಯ ಖರ್ಚೇ ಹೆಚ್ಚಾಯಿತು. ಸೈಕಲ್ಲಿಗೆ ದೀಪ ಇರಲಿಲ್ಲವೇ ಎಂದು ಎಲ್ಲರೂ ಕೇಳಿದರು. ದೀಪ ಇತ್ತು, ಹೊಸದೇ ಇತ್ತು, ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ಅದನ್ನು ಹ್ಯಾಂಡಲ್ ಮೇಲೆ, ಕೈಹಿಡಿಯ ಪಕ್ಕಕ್ಕೆ ಕಟ್ಟಿದ್ದೆವು. ಹ್ಯಾಂಡಲ್ಲಿಗೆ ತೂಗುಹಾಕಿದ್ದ ಸೊಪ್ಪಿನ ಚೀಲ ಉಬ್ಬಿಕೊಂಡು ಅದಕ್ಕೆ ಅಡ್ಡ ಬಂದಿತ್ತು. ದಾರಿಯ ಎಡ ಅಂಚು ಪೂರ್ತಿ ಚೀಲದ ನೆರಳಿನಲ್ಲಿತ್ತು. ತಪ್ಪು ದೀಪದ್ದಲ್ಲ, ಕಟ್ಟಿದ ನಮ್ಮದು.

ದೀಪ ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಚೆನ್ನಾಗಿ ಕಾಣುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಇದು ಅರ್ಧ ಸತ್ಯ. ರಾತ್ರಿ ಕಲ್ಲು ಗುಂಡಿಗಳನ್ನು ನಮಗೆ ತೋರಿಸಿಕೊಡುವುದು ಬೆಳಕಿಗಿಂತ ಹೆಚ್ಚಾಗಿ ಅವುಗಳ ನೆರಳು. 8 ಮೀಟರ್ ದೂರದಲ್ಲಿ 10 ಸೆಂಟಿಮೀಟರ್ ಎತ್ತರದ ಕಲ್ಲೊಂದು ಇದೆಯೆನ್ನಿ. ದೀಪ ಹ್ಯಾಂಡಲ್ ಮೇಲೆ, ನೆಲದಿಂದ 1 ಮೀಟರ್ ಎತ್ತರದಲ್ಲಿದ್ದರೆ ಆ ಕಲ್ಲಿನ ನೆರಳು ಸುಮಾರು 90 ಸೆಂಟಿಮೀಟರ್. ದೀಪವನ್ನು 75 ಸೆಂಟಿಮೀಟರಿಗೆ ಇಳಿಸಿದರೆ ನೆರಳು 120 ಸೆಂಟಿಮೀಟರ್ ದಾಟುತ್ತದೆ, ಕಲ್ಲು ಬೇಗ ಕಣ್ಣಿಗೆ ಬೀಳುತ್ತದೆ. ಹಾಗೆಂದು ತೀರ ಕೆಳಗೆ, ಗಾಲಿಯ ನಡುಗುಂಬದ ಹತ್ತಿರ ಕಟ್ಟಬಾರದು. ಅಲ್ಲಿ ಅದೇ ಕಲ್ಲಿಗೆ 3 ಮೀಟರಿಗೂ ಮೀರಿದ ನೆರಳು; ಹುಲ್ಲುಕಡ್ಡಿಯೂ ಗುಂಡಿಯಂತೆ ಕಂಡು ಕಣ್ಣು ಮೋಸ ಹೋಗುತ್ತದೆ. ಗಾಲಿಯೇ ಒಂದು ಮಗ್ಗುಲಿನ ಬೆಳಕಿಗೆ ಅಡ್ಡವಾಗುತ್ತದೆ, ಕೆಸರು ಬಡಿಯುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಸರಿಯಾದ ಜಾಗ ಒಂದೇ: ಹ್ಯಾಂಡಲ್ಲಿನ ಕೆಳಗೆ, ಮುಂದಿನ ಮಡ್‌ಗಾರ್ಡಿನ ಮೇಲೆ, ನಟ್ಟನಡುವೆ. ಹಿಂದಿನ ಡೈನಮೋ ಕಾಲದಲ್ಲಿ ಎಷ್ಟೋ ಸೈಕಲ್ಲುಗಳಿಗೆ ದೀಪವನ್ನು ಕೂರಿಸುತ್ತಿದ್ದದ್ದೂ ಹೀಗೆಯೇ. ನಮ್ಮ ದೊಡ್ಡ ಸೈಕಲ್ಲಿನ ಹ್ಯಾಂಡಲ್ ಹಿಂದಕ್ಕೆ ಬಾಗಿರುವುದರಿಂದ, ಅದಕ್ಕೆ ತೂಗುಹಾಕಿದ ಚೀಲ ಈ ದೀಪದ ಹಿಂದೆಯೇ ಉಳಿಯುತ್ತದೆ. ಮಂಜಿನಲ್ಲಿಯೂ ಇದೇ ಮೇಲು. ದೀಪ ಕಣ್ಣಿಗೆ ಹತ್ತಿರವಾದಷ್ಟೂ ಮಂಜು ಬಿಳಿಯ ಗೋಡೆಯಂತೆ ಎದುರಿಗೆ ನಿಲ್ಲುತ್ತದೆ.

ತಲೆಗೆ ಕಟ್ಟುವ ಲೈಟೇ ಸಾಕಲ್ಲ ಎಂದು ಯುವಕರು ಕೇಳುತ್ತಾರೆ. ಹೊಲ ಕಾಯುವವರಿಗೆ ಅದು ನಿಜವಾಗಿಯೂ ಉಪಕಾರಿ. ಎರಡು ಕೈಯೂ ಬಿಡುವಾಗಿರುತ್ತದೆ, ದೂರದಲ್ಲಿ ಪ್ರಾಣಿಗಳ ಕಣ್ಣು ಹೊಳೆಯುವುದು ಅದರಿಂದಲೇ ಚೆನ್ನಾಗಿ ತಿಳಿಯುತ್ತದೆ. ಆದರೆ ಸೈಕಲ್ಲಿನ ಮೇಲೆ ಅದೊಂದನ್ನೇ ನಂಬಬಾರದು. ಕಣ್ಣು ಮತ್ತು ದೀಪ ಒಂದೇ ಕಡೆ ಇದ್ದರೆ ನೆರಳು ಕಲ್ಲಿನ ಹಿಂದೆಯೇ ಅಡಗುತ್ತದೆ, ಗುಂಡಿ ಬಿದ್ದ ದಾರಿಯೂ ಚಾಪೆ ಹಾಸಿದಂತೆ ಕಾಣುತ್ತದೆ. ಎದುರಿಗೆ ಬಂದವರನ್ನು ಮಾತನಾಡಿಸಲು ತಲೆಯೆತ್ತಿದರೆ ಅವರ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಮೊಬೈಲನ್ನು ಹ್ಯಾಂಡಲ್ಲಿಗೆ ಕಟ್ಟಿ ಅದರ ಬೆಳಕಿನಲ್ಲಿ ಹೋಗುವುದೂ ಸರಿಯಲ್ಲ. ಆ ಬೆಳಕು ಅಗಲಕ್ಕೆ ಹರಡುತ್ತದೆಯೇ ಹೊರತು ದೂರಕ್ಕೆ ಹೋಗುವುದಿಲ್ಲ.

ಜಾಗ ಸರಿಯಿದ್ದರೆ ಸಾಲದು, ಓರೆಯೂ ಸರಿಯಿರಬೇಕು. ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ಲು ಒಂದು ಸೆಕೆಂಡಿಗೆ 4 ಮೀಟರಿಗೂ ಹೆಚ್ಚು ಓಡುತ್ತದೆ. ಕಂಡು, ತಿಳಿದು, ಬ್ರೇಕ್ ಹಿಡಿದು, ಹೊರೆಯೊಂದಿಗೆ ನಿಲ್ಲುವುದರೊಳಗೆ 10-11 ಮೀಟರ್ ಬೇಕೇ ಬೇಕು. ಆದ್ದರಿಂದ ಬೆಳಕಿನ ನಡುಭಾಗ ಅದಕ್ಕಿಂತ ಸ್ವಲ್ಪ ಮುಂದೆ ನೆಲಕ್ಕೆ ತಾಗಬೇಕು. ಪರೀಕ್ಷೆ ಸುಲಭ. ಮುಸ್ಸಂಜೆ ಗೋಡೆಯಿಂದ 4 ಮೀಟರ್ ದೂರದಲ್ಲಿ ಸೈಕಲ್ಲನ್ನು ನೆಟ್ಟಗೆ ಹಿಡಿದು ನಿಲ್ಲಿ. ಗೋಡೆಯ ಮೇಲಿನ ಬೆಳಕಿನ ನಡುಭಾಗ ದೀಪದ ಎತ್ತರಕ್ಕಿಂತ ಒಂದು ಗೇಣು ಕೆಳಗಿರಲಿ. ಈಗಿನ ಎಲ್‌ಇಡಿ ದೀಪಗಳ ಬೆಳಕು ಬಲು ತೀಕ್ಷ್ಣ. ಮೇಲಕ್ಕೆ ತಿರುಗಿಸಿದರೆ ನಮಗೆ ಲಾಭವಿಲ್ಲ, ಎದುರಿನವರು ಹಳ್ಳಕ್ಕೆ ಇಳಿಯುತ್ತಾರೆ. ನಮ್ಮ ಬೆಳಕು ನೆರೆಯವನನ್ನು ಕುರುಡಾಗಿಸಬಾರದು.

ಇನ್ನೆರಡು ಮಾತು. ಸೈಕಲ್ಲಿನಿಂದ ಇಳಿದ ಮೇಲೆ ಬದುವಿನ ಮೇಲೆ ನಡೆಯಲು ಕೈಯಲ್ಲಿ ಬೇರೆ ಟಾರ್ಚ್ ಇರಲೇಬೇಕು. ಕೊಳಕುಮಂಡಲ, ಕಟ್ಟುಹಾವು ಹರಿದಾಡುವುದು ಹೆಚ್ಚಾಗಿ ರಾತ್ರಿಯೇ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ. ಎರಡನೆಯದು, ಆನೆ ಇಳಿದಿದೆ ಎಂಬ ಸುದ್ದಿ ಇದ್ದ ರಾತ್ರಿ ಸೈಕಲ್ ಹೊರಗೆ ತೆಗೆಯಲೇಬೇಡಿ. ಹದಿನೈದು ಮೀಟರಿನಲ್ಲಿ ಆನೆಯನ್ನು ಕಂಡರೆ ತಡವಾಗಿಯೇ ಕಂಡಂತೆ. ಮೋಟಾರು ನಾಳೆ ಹಾಕಬಹುದು.

ಬೀಜ, ಗೊಬ್ಬರದ ಲೆಕ್ಕ ಬರೆಯುವ ಪುಸ್ತಕದಲ್ಲಿ ದೀಪಕ್ಕೂ ಒಂದು ಸಾಲು ಇರಲಿ ಎಂಬುದು ನಮ್ಮ ಕೋರಿಕೆ. ಒಂದು ಪಟ್ಟಿ, ಎರಡು ತಿರುಪು, ಸೈಕಲ್ ಅಂಗಡಿಯವನ ಹತ್ತು ನಿಮಿಷ, ಇಷ್ಟೇ ಕೆಲಸ. ಹಿಂದಿನ ಮಡ್‌ಗಾರ್ಡಿನ ತುದಿಗೆ, ಹುಲ್ಲಿನ ಹೊರೆ ಮುಚ್ಚದ ಹಾಗೆ, ಕೆಂಪು ರಿಫ್ಲೆಕ್ಟರ್ ಒಂದನ್ನೂ ಹಾಕಿಸಿ. ಕ್ರಿಸ್ಮಸ್ಸಿನ ನಡುರಾತ್ರಿಯ ಪೂಜೆಗೆ ಬರುವವರು ಈ ಸಲ ದೀಪವನ್ನು ಸರಿಯಾದ ಜಾಗಕ್ಕೆ ಇಳಿಸಿಕೊಂಡೇ ಬನ್ನಿ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಬ್ಬರ ದೀಪವನ್ನು ಇನ್ನೊಬ್ಬರು ನೋಡಿ, ಓರೆ ತಿದ್ದಿ ಕಳುಹಿಸೋಣ. ಹಬ್ಬದ ದಿನ ಎಲ್ಲರೂ ಕೈಕಾಲು ನೆಟ್ಟಗೆ ಮನೆ ಸೇರಬೇಕು.