ಒಂದೂಕಾಲು ಗಂಧರ್ವನ ಚಳಿಗಾಲದ ಜಾತ್ರೆ

ಚಳಿಗಾಲ ಬಂತೆಂದರೆ ಮುಂಡಗೋಡದ ಟಿಬೆಟನ್ ಕ್ಯಾಂಪಿನ ಎಷ್ಟೋ ಮಂದಿ ಸ್ವೆಟರಿನ ಗಂಟು ಕಟ್ಟಿಕೊಂಡು ದೊಡ್ಡ ಊರುಗಳ ದಾರಿ ಹಿಡಿಯುತ್ತಾರೆ. ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾದ ಹುಡುಗರು ಎಲ್ಲಿಗೆ ಹೋಗುತ್ತಾರೆ? ಹೊಸ ಚಿತ್ರ ಬಿತ್ತೋ, ಹುಬ್ಬಳ್ಳಿ ಇಲ್ಲಾ ಧಾರವಾಡ. ಮೊದಲ ದಿನ, ಮೊದಲ ಆಟ, ಶಿಳ್ಳೆ, ರಾತ್ರಿ ಕೊನೇ ಬಸ್ಸು. ತಪ್ಪೇನಿಲ್ಲ, ನಾನೂ ಅದೇ ಜಾತಿಯವನು. ಆದರೆ ಈ ವಾರ ನಿಮ್ಮ ಕೈಲಿ ಇನ್ನೊಂದು ಟಿಕೆಟ್ ತೆಗೆಸುವ ಹುನ್ನಾರ ನನ್ನದು. ಊರು ಪುಣೆ, ತಿಂಗಳು ಡಿಸೆಂಬರ್. ಹೀರೋ ಇಲ್ಲ, ಫೈಟ್ ಇಲ್ಲ, ಕ್ಯಾಬರೆ ಮೊದಲೇ ಇಲ್ಲ. ಆದರೂ ದಿನಾ ಸಾವಿರಾರು ಜನ!

'ಶಾಸ್ತ್ರೀಯ ಸಂಗೀತಾನಾ? ಪುಟ ತಿರುವು' ಅನ್ನಬೇಡ್ರಪಾ. ಸ್ವಲ್ಪ ತಡೀರಿ. ಇದು ನಮ್ಮ ಮಗ್ಗುಲಿನ ಕುಂದಗೋಳದ ಕತೆ.

ಕುಂದಗೋಳದ ರಾಮಚಂದ್ರ ಹುಟ್ಟಿದ್ದು 1886ರಲ್ಲಿ. ಕಲಿತದ್ದು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಹತ್ತಿರ. ಆಮೇಲೆ ಮರಾಠಿ ನಾಟಕ ಕಂಪನಿ ಸೇರಿ ಸೀರೆ ಉಟ್ಟು ಸ್ತ್ರೀಪಾತ್ರ ಮಾಡಿದರು. ಆಗ ಮರಾಠಿ ರಂಗಭೂಮಿಯ ಸೂಪರ್‌ಸ್ಟಾರ್ ಬಾಲಗಂಧರ್ವ. ಅಂಥವರು ಮೆರೆಯುತ್ತಿದ್ದ ಕಾಲದಲ್ಲಿ ನಮ್ಮ ಕುಂದಗೋಳದವರಿಗೆ ಸಿಕ್ಕ ಬಿರುದು 'ಸವಾಯಿ ಗಂಧರ್ವ'. ಸವಾಯಿ ಅಂದರೆ ಒಂದೂಕಾಲು. ಅಂದರೆ ಗಂಧರ್ವನಿಗಿಂತ ಕಾಲುಪಾಲು ಹೆಚ್ಚು! ಇವತ್ತು ಬ್ಯಾನರಿನ ಮೇಲೆ ನಾವು ಬರೆಸುವ ಬಿರುದುಗಳಿಗೆ ಇಷ್ಟು ಲೆಕ್ಕಾಚಾರ ಉಂಟೇ?

ಈಗ ಶಿಷ್ಯನ ಕತೆ. ಸಿನಿಮಾಕ್ಕಿಂತ ಜೋರಾಗಿದೆ. ಗದಗಿನ ಹುಡುಗ ಭೀಮಸೇನ ಜೋಶಿ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ. ಟಿಕೆಟ್ ಇಲ್ಲದ ರೈಲು ಪ್ರಯಾಣ, ಡಬ್ಬಿಯಲ್ಲಿದ್ದವರಿಗೆ ಹಾಡು ಹೇಳಿ ಸಿಕ್ಕಷ್ಟು ಊಟ. ಗುರುವಿಗಾಗಿ ಉತ್ತರ ಹಿಂದೂಸ್ಥಾನವೆಲ್ಲ ಸುತ್ತಿ ಮನೆಗೆ ಮರಳಿದರೆ ಗುರು ಸಿಕ್ಕಿದ್ದು ಎಲ್ಲಿ? ಕುಂದಗೋಳದಲ್ಲಿ! 1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಸೇರಿಸಿಕೊಂಡರು. ಮೊದಮೊದಲು ನೀರು ಹೊರುವುದೇ ಪಾಠ. ಆಮೇಲೆ ಮುಖ್ಯವಾಗಿ ತಿದ್ದಿ ತೀಡಿದ್ದು ಮೂರೇ ರಾಗ: ತೋಡಿ, ಮುಲ್ತಾನಿ, ಪೂರಿಯಾ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅದೇ ಗುರುವಿನ ಹತ್ತಿರ ಕಲಿತವರು ಗಂಗೂಬಾಯಿ ಹಾನಗಲ್. ಮೂರನೆಯ ದೊಡ್ಡ ಶಿಷ್ಯ ಫಿರೋಜ್ ದಸ್ತೂರ್. ಇವರು ಚಿಕ್ಕಂದಿನಲ್ಲಿ ಸಿನಿಮಾ ನಟ. ವಾಡಿಯಾ ಸಂಸ್ಥೆಯ 1933ರ 'ಲಾಲ್-ಎ-ಯಮನ್'ನಲ್ಲಿ ಪಾತ್ರ ಮಾಡಿದವರು.

ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಭೀಮಸೇನರು ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರು ಹಚ್ಚಿದರು. ನಡೆಸಿದ್ದು ಆರ್ಯ ಸಂಗೀತ ಪ್ರಸಾರಕ ಮಂಡಳ. ಭೀಮಸೇನರು ಬರೀ ಹಾಡಿ ಹೋಗುವ ದೊಡ್ಡ ಮನುಷ್ಯರಾಗಿರಲಿಲ್ಲ, ಉತ್ಸವದ ಓಡಾಟವನ್ನೂ ಮೈಮೇಲೆ ಹಾಕಿಕೊಂಡವರು. 2011ರ ಜನವರಿಯಲ್ಲಿ ಅವರು ಹೋದ ಮೇಲೆ ಹೆಸರು 'ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ' ಅಂತಾಯಿತು. ಗುರು, ಶಿಷ್ಯ ಒಂದೇ ಪೋಸ್ಟರಿನಲ್ಲಿ.

'ನಮ್ಮ ಸಿನಿಮಾಕ್ಕೂ ಇದಕ್ಕೂ ಏನು ಸಂಬಂಧ?' ಅಂತೀರಾ? ಕೇಳಿ. ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿ ಹಿಂದಿಗೆ ಹೋಗಿ 1956ರಲ್ಲಿ 'ಬಸಂತ್ ಬಹಾರ್' ಆಯಿತು. ಅದರಲ್ಲಿ ಹಾಡಿನ ಪೈಪೋಟಿಯ ದೃಶ್ಯ. ಹೀರೋಗೆ ಮನ್ನಾ ಡೇ ದನಿ, ಎದುರಾಳಿಗೆ ಭೀಮಸೇನರ ದನಿ, ಹೀರೋ ಗೆಲ್ಲಬೇಕು. ಭೀಮಸೇನರನ್ನು ಸೋಲಿಸುವುದಾ ಅಂತ ಮನ್ನಾ ಡೇ ಊರು ಬಿಡಲು ಹೊರಟಿದ್ದರಂತೆ! ಮುಂದೆ ಅಣ್ಣಾವ್ರ 'ಸಂಧ್ಯಾರಾಗ' (1966), ಅ.ನ.ಕೃ. ಕಾದಂಬರಿ. ಅದರಲ್ಲೂ ಇದೇ ಕಂಠ. 1985ರ 'ಅನ್‌ಕಹೀ' ಹಿಂದಿ ಚಿತ್ರಕ್ಕೆ ಹಾಡಿ ರಾಷ್ಟ್ರ ಪ್ರಶಸ್ತಿ ಪಡೆದವರೂ ಇವರೇ. 1988ರಲ್ಲಿ ದೂರದರ್ಶನದಲ್ಲಿ ಬಂದ 'ಮಿಲೇ ಸುರ್' ಶುರುವಾಗುವುದೂ ಇವರಿಂದಲೇ.

ಸಿನಿಮಾದಲ್ಲಿ ಕೇಳಿದ್ದು ಬರೀ ಟ್ರೈಲರ್, ಗೆಳೆಯರೇ. ಪೂರ್ತಿ ಪಿಕ್ಚರ್ ಆ ಮೈದಾನದಲ್ಲಿ. ಅಲ್ಲಿ ಒಂದು ರಾಗ ಮೂರು ನಿಮಿಷಕ್ಕೆ ಮುಗಿಯುವುದಿಲ್ಲ. ನಿಧಾನವಾಗಿ, ಒಂದೊಂದೇ ಸ್ವರ ಮುಟ್ಟಿ, ನಮ್ಮ ಕಾಳಿ ನದಿ ಕಾಡಿನಲ್ಲಿ ತಿರುವು ಹಾಕಿ ಬಂದ ಹಾಗೆ ಬರುತ್ತದೆ. ಮೊದಲ ಅರ್ಧ ಗಂಟೆ ಬೇಜಾರಾದೀತು. ತಾಳ್ಮೆ ಇರಲಿ. ತಾನಗಳ ಹೊಡೆತ ಶುರುವಾದ ಮೇಲೆ ಶಿಳ್ಳೆ ಹಾಕಬೇಕೆನಿಸಿದರೆ ತಡೆದುಕೊಂಡು 'ವಾಹ್' ಅನ್ನಿ, ಅಷ್ಟೇ ವ್ಯತ್ಯಾಸ.

ಹಿಂದೆ ರಾತ್ರಿಯಿಡೀ ಹಾಡು. ಬೆಳಗಾಗುವ ಹೊತ್ತಿಗೆ ಭೀಮಸೇನರು ಕೂತು ಬೆಳಗಿನ ರಾಗ ಎತ್ತುತ್ತಿದ್ದರು. ಧ್ವನಿವರ್ಧಕದ ಕಾನೂನು ಬಂದ ಮೇಲೆ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೇ ಮುಗಿಸಬೇಕು. ನೆರೆಹೊರೆಯವರಿಗೆ ನಿದ್ದೆ ಸಿಕ್ಕಿತು, ನಡುರಾತ್ರಿಯ ದರಬಾರಿ, ಮಾಲಕಂಸಗಳಿಗೆ ಅವುಗಳ ಹೊತ್ತು ತಪ್ಪಿತು.

ಇನ್ನು ನನ್ನ ಹೊಟ್ಟೆಯೊಳಗಿನ ಮಾತು. ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ನಮ್ಮ ಕಡೆ ಎಂಥೆಂಥ ಕಂಠದ ಹುಡುಗರು ಹಾಡುತ್ತಾರೆ! ಕಾರ್ಖಾನೆ ಪಾಳಿ ಮುಗಿಸಿ ಬಂದು ಸ್ಟೇಜ್ ಹತ್ತುವವರಿದ್ದಾರೆ. ವಾರಕ್ಕೊಂದು ಹಿಟ್ ಹಾಡು ಬಾಯಿಪಾಠ, ಟೀವಿ ಸ್ಪರ್ಧೆಗೆ ಅರ್ಜಿ, ಒಮ್ಮೆ ವಾಪಸ್ ಬಂದರೆ ಹಾಡೇ ಬಂದ್. ಅವರಿಗೆ 'ನಿನಗೆ ದನಿ ಇಲ್ಲ' ಅಂದವರಿದ್ದಾರೆ. 'ಮೂರು ರಾಗ ಹಿಡಿದು ವರ್ಷಗಟ್ಟಲೆ ಕೂರು' ಅಂತ ಹೇಳುವವರು ಯಾರೂ ಇಲ್ಲ. ಅಂಥ ಒಬ್ಬ ಹುಡುಗ ಒಂದು ಸಂಜೆ ಆ ಮಂಟಪದಲ್ಲಿ ಕೂತು ಬಂದರೆ ಸಾಕು. ಅವನು ಮನೆ ಬಿಟ್ಟು ಓಡಬೇಕಿಲ್ಲ, ಟಿಕೆಟ್ ತಗೊಂಡೇ ಹೋಗಬಹುದು.

ಅಳ್ನಾವರ, ಲೋಂಡಾ, ಬೆಳಗಾವಿ, ಮೀರಜ... ರೈಲು ದಾರಿ ನೆಟ್ಟಗಿದೆ. ಕುರ್ಚಿ ತುಟ್ಟಿ ಅನಿಸಿದರೆ ನೆಲದ ಮೇಲಿನ ಭಾರತೀಯ ಬೈಠಕ್ ಇದೆ. ಒಂದು ಚಾದರ, ಒಂದು ಸ್ವೆಟರ್ ಇರಲಿ. ಭಾಷೆಯ ಚಿಂತೆ ಬೇಡ. ಗಡಿ ಜಗಳ ಪೇಪರಿನಲ್ಲಿ ಎಷ್ಟೇ ಕಾವೇರಿದರೂ ಷಡ್ಜಕ್ಕೆ ತಾಯಿನುಡಿ ಯಾವುದು ಅಂತ ಯಾರೂ ಕೇಳುವುದಿಲ್ಲ. ಪುಣೆ ದೂರವಾಯಿತೇ? ಕುಂದಗೋಳದ ನಾಡಗೇರ ವಾಡೆಯಲ್ಲೂ ಗುರುವಿನ ನೆನಪಿನ ಸಂಗೀತ ನಡೆದುಬಂದಿದೆ. ಭೀಮಸೇನರೂ ಗಂಗೂಬಾಯಿಯವರೂ ಅಲ್ಲಿ ಬಂದು ಹಾಡಿದವರೇ. ಮೊದಲು ಅಲ್ಲಿಗಾದರೂ ಹೋಗಿ.

ಪುಣೆಗೆ ಹೋದವರು ಮಾತ್ರ ಕೊನೆಯ ದಿನ ಬೇಗ ಎದ್ದು ಬರಬೇಡಿ. ಎಲ್ಲರ ಹಾಡೂ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೇ ಭೈರವಿ ತಟ್ಟೆ ಹಾಕುವ ಪದ್ಧತಿಯಿದೆ. 1952ರಲ್ಲಿ ಕಣ್ಣು ಮುಚ್ಚಿದ ನಮ್ಮ ಕುಂದಗೋಳದವರೊಬ್ಬರು ಅಷ್ಟು ದೊಡ್ಡ ಪಟ್ಟಣಕ್ಕೆ 'ಇನ್ನು ಮನೆಗೆ ಹೋಗಿ ಬನ್ನಿ' ಅಂತ ಅಪ್ಪಣೆ ಕೊಡುತ್ತಾರೆ. ಜನ ಸುಮ್ಮನೆ ಕೂತು ಕೇಳುತ್ತಾರೆ.