ಗೇರ್ ಬೀಳದ ಕಾರು

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ಸಾಗಿದರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಊರಿನ ಒಬ್ಬ ಬಾಳೆ ಬೆಳೆಗಾರರ ಮನೆಯ ಕೊಟ್ಟಿಗೆಯಲ್ಲಿ ಎರಡು ಬಾಗಿಲಿನ ಒಂದು ಹಳೆಯ ಹೆರಾಲ್ಡ್ ಕಾರು ಇತ್ತು. ಅದು ಅವರ ತೀರಿಹೋದ ಅಣ್ಣನದು. ಅಣ್ಣ ಪ್ರತಿ ಭಾನುವಾರ ಅದನ್ನು ತೊಳೆದು, ಊರ ಹೊರಗೆ ಒಂದು ಸುತ್ತು ಹಾಕಿಸಿ ತಂದು ನಿಲ್ಲಿಸುತ್ತಿದ್ದರು. ಅವರು ಹೋದ ಮೇಲೆ ವರ್ಷದವರೆಗೆ ಕಾರು ಕದಲಲಿಲ್ಲ.

ದೊಡ್ಡಪ್ಪನ ವರ್ಷಾಬ್ದಿಕ ಮುಗಿದ ಮರುದಿನ ತಮ್ಮ ಅದನ್ನು ಹೊರಗೆ ತೆಗೆದರು. ಪಕ್ಕದಲ್ಲಿ ಮಗಳು, ಕಲಬುರಗಿಯ ಕಾಲೇಜಿನಲ್ಲಿ ಎರಡನೇ ಪಿಯುಸಿ ವಿಜ್ಞಾನ ಓದುತ್ತಿರುವವಳು. ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ, ಒಂದು ಏರಿನಲ್ಲಿ ಕಾರು ನಿಂತಿತು. ಎಂಜಿನ್ ಓಡುತ್ತಿದೆ, ಆದರೆ ಗೇರ್ ಬೀಳುತ್ತಿಲ್ಲ. ಕ್ಲಚ್ ಒತ್ತಿ ಗೇರ್ ಹಾಕಲು ಹೋದರೆ ಕರ್ರೆಂಬ ಸದ್ದು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಮೂವರು ಇಳಿದು ಬಂದು ತೀರ್ಪು ಕೊಟ್ಟರು: “ಗೇರ್ ಬಾಕ್ಸ್ ಹೋಗ್ಯಾದ್ರಿ.” ಸಂಜೆಯೊಳಗೆ ಗುಜರಿಯ ವ್ಯಾಪಾರಿಯೊಬ್ಬ ಬಂದು ಇಪ್ಪತ್ತು ಸಾವಿರಕ್ಕೆ ಕಾರು ಕೇಳಿದ. ಇಷ್ಟು ಹಳೆಯ ಗಾಡಿಯ ಗೇರ್ ಬಾಕ್ಸಿಗೆ ಬಿಡಿಭಾಗ ಎಲ್ಲಿ ಹುಡುಕುವುದು? ತಂದೆ ಹೆಚ್ಚು ಕಡಿಮೆ ಒಪ್ಪಿಯೇ ಬಿಟ್ಟಿದ್ದರು.

ಮಗಳು ಮಾತ್ರ, “ಅಪ್ಪಾ, ಒಮ್ಮೆ ಬಿಚ್ಚಿ ನೋಡದs ಕೊಟ್ಟುಬಿಡೋದೇನು?” ಎಂದು ಹಟ ಹಿಡಿದಳು. ದೊಡ್ಡಪ್ಪನ ಕಾರಿನ ಮೇಲೆ ಅವಳಿಗೆ ಅಷ್ಟು ಅಕ್ಕರೆ. ಕಡೆಗೆ, ಕಲಬುರಗಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್‌ಗೆ ತೋರಿಸಿ ನಂತರ ಮಾರುವುದೆಂದು ತೀರ್ಮಾನವಾಯಿತು.

ಈ ಹೆರಾಲ್ಡ್ ಎಂಬುದು ಏನು? ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದ ಕಾರು. ಅದರ ಮೈಯ ವಿನ್ಯಾಸ ಇಟಲಿಯ ಜೊವಾನಿ ಮಿಕೆಲೊಟ್ಟಿ ಅವರದು. 1960ರ ದಶಕದಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇದನ್ನು ನಮ್ಮ ದೇಶದಲ್ಲಿ ತಯಾರಿಸಿತು. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, 1962ರಲ್ಲಿ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರನ್ನು ಇಂಗ್ಲೆಂಡಿನಲ್ಲಿ ಮಾಡಿದರು. ಹೀಗಾಗಿ ಕಮಲಾಪುರದ ಕೊಟ್ಟಿಗೆಯ ಕಾರು ಸ್ಪೋರ್ಟ್ಸ್ ಕಾರಿನ ಒಡಹುಟ್ಟು. ಇಲ್ಲಿ ಹೇಳುವ ಮಾತು ಆ ಕಾಲದ ಬಹುತೇಕ ಸ್ಪೋರ್ಟ್ಸ್ ಕಾರುಗಳಿಗೂ ಸಲ್ಲುತ್ತದೆ.

ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆದೊಯ್ಯುವುದು ರೂಢಿ. ಆದರೆ ಮೆಕ್ಯಾನಿಕ್ ಫೋನಿನಲ್ಲಿಯೇ, “ಎಳಕೊಂಡು ಬರಬ್ಯಾಡ್ರಿ ಸಾಹುಕಾರ್ರ, ಲಾರಿ ಮ್ಯಾಲ ಹಾಕ್ಕೊಂಡು ಬರ್ರಿ” ಎಂದಿದ್ದರು. ಇದಕ್ಕೆ ಕಾರಣವಿದೆ. ಗೇರ್ ಬಾಕ್ಸಿನ ತಳದಲ್ಲಿ ಎಣ್ಣೆ ಇರುತ್ತದೆ. ಎಂಜಿನ್ ಓಡುವಾಗ ಕೆಳಗಿನ ದಂಡದ ಹಲ್ಲುಗಾಲಿಗಳು ಆ ಎಣ್ಣೆಯಲ್ಲಿ ಮುಳುಗಿ ತಿರುಗಿ, ಮೇಲಿನ ಭಾಗಗಳಿಗೆ ಅದನ್ನು ಎರಚುತ್ತವೆ. ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಕಾರನ್ನು ಎಳೆದರೆ ಹಿಂದಿನ ಚಕ್ರಗಳೊಡನೆ ಮೇಲಿನ ದಂಡ ತಿರುಗುತ್ತದೆ, ಕೆಳಗಿನದು ನಿಂತೇ ಇರುತ್ತದೆ. ಎಣ್ಣೆ ಮೇಲೆ ಹೋಗುವುದಿಲ್ಲ. ದೂರದವರೆಗೆ ಹೀಗೆ ಎಳೆದರೆ, ಕೆಡದಿದ್ದ ಗೇರ್ ಬಾಕ್ಸೂ ಕೆಟ್ಟೀತು. ಬಾಳೆಗೊನೆ ಸಾಗಿಸುವ ಲಾರಿಯೇ ಆ ದಿನ ಕಾರನ್ನು ಹೊತ್ತುಕೊಂಡು ಕಲಬುರಗಿಗೆ ಬಂದಿತು.

ಮುಂದಿನ ಕಥೆಗೆ ಮೊದಲು, ಗೇರ್ ಬಾಕ್ಸ್ ಏಕೆ ಬೇಕು ಎಂಬುದನ್ನು ನೋಡೋಣ. ಸೈಕಲ್ ತುಳಿದವರಿಗೆಲ್ಲ ಗೊತ್ತು, ಏರಿನಲ್ಲಿ ತುಳಿಯುವುದು ಕಷ್ಟ. ಎಂಜಿನ್ನಿನದೂ ಅದೇ ಪಾಡು. ಅದು ವೇಗವಾಗಿ ತಿರುಗಬಲ್ಲದು, ಆದರೆ ಅದರ ತಿರುಗುಬಲಕ್ಕೆ ಮಿತಿಯಿದೆ. ಎಂಜಿನ್ನಿನ ಕಡೆ 20 ಹಲ್ಲುಗಳ ಗಾಲಿ, ಚಕ್ರದ ಕಡೆ 60 ಹಲ್ಲುಗಳ ಗಾಲಿ ಇದೆಯೆಂದಿಟ್ಟುಕೊಳ್ಳಿ. ಎಂಜಿನ್ ಮೂರು ಸುತ್ತು ತಿರುಗಿದಾಗ ಎರಡನೆಯ ಗಾಲಿ ಒಂದು ಸುತ್ತು ತಿರುಗುತ್ತದೆ. ವೇಗ ಮೂರನೇ ಒಂದು ಭಾಗಕ್ಕಿಳಿಯಿತು. ಘರ್ಷಣೆಯನ್ನು ಬಿಟ್ಟರೆ, ತಿರುಗುಬಲ ಮೂರು ಪಟ್ಟಾಯಿತು. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ಈ ವ್ಯಾಪಾರವೇ ಗೇರ್.

ಇದರ ಅಗತ್ಯವನ್ನು ಜಗತ್ತಿಗೆ ಮೊದಲು ಮನಗಾಣಿಸಿದವರಲ್ಲಿ ಒಬ್ಬಾಕೆ ಗೃಹಿಣಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ತಾ ಬೆಂಜ್, ತನ್ನ ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು 100 ಕಿ.ಮೀ. ದಾರಿ. ಏರು ಬಂದಲ್ಲೆಲ್ಲ ಗಾಡಿ ಸೋತಿತು, ಇಳಿದು ತಳ್ಳಬೇಕಾಯಿತು. ಮರಳಿದ ಮೇಲೆ ಆಕೆಯ ಸಲಹೆಯಂತೆ ಬೆಂಜ್ ಆ ಗಾಡಿಗೆ ಏರು ಹತ್ತಲು ಇನ್ನೊಂದು ಗೇರ್ ಸೇರಿಸಿದ.

ಈಗ ಗ್ಯಾರೇಜಿಗೆ ಬರೋಣ. ಹುಮನಾಬಾದ್ ಬೇಸ್ ಕಡೆಯ ಆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್‌ನನ್ನು ಎಲ್ಲರೂ ‘ಉಸ್ತಾದ್’ ಎನ್ನುತ್ತಾರೆ. ಓದಿದ್ದು ಏಳನೇ ತರಗತಿ. ಅವರು ಪಾನಾ ಕೈಗೆತ್ತಿಕೊಳ್ಳಲಿಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಎಂಜಿನ್ ಬಂದ್ ಇದ್ದಾಗ ಗೇರ್ ಬೀಳ್ತಾವೇನ್ರಿ?”

ಯಾರೂ ನೋಡಿರಲಿಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ ಗೇರ್ ಹಾಕಿದರು. ಒಂದು, ಎರಡು, ಮೂರು, ನಾಲ್ಕು, ರಿವರ್ಸ್, ಎಲ್ಲವೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿದ್ದವು.

“ನೋಡವ್ವಾ” ಎಂದರು ಉಸ್ತಾದ್, ಹುಡುಗಿಯ ಕಡೆ ತಿರುಗಿ. “ಒಳಗ ಹಲ್ಲು ಮುರಿದಿದ್ರ, ಫೋರ್ಕ್ ಬಾಗಿದ್ರ, ಎಂಜಿನ್ ಬಂದ್ ಇದ್ರೂ ಗೇರ್ ಇಷ್ಟು ಹಗುರ ಬೀಳಂಗಿಲ್ಲ. ಎಂಜಿನ್ ಚಾಲೂ ಇದ್ದಾಗ ಮಾತ್ರ ಬೀಳವಲ್ದು ಅಂದ್ರ ಏನು ಅರ್ಥ?”

ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು: “ಎಂಜಿನ್ ತಿರುಗೋದು ಗೇರ್ ಬಾಕ್ಸಿಗೆ ಇನ್ನೂ ಮುಟ್ಟಲಿಕ್ಕತ್ಯಾದ ಕಾಕಾ. ಕ್ಲಚ್ ಬಿಡವಲ್ದು.”

ಹೌದು. ಕ್ಲಚ್ ಎಂದರೆ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ ಬಾಗಿಲು. ಪೆಡಲ್ ಒತ್ತಿದಾಗ ಎಂಜಿನ್ನಿನ ಫ್ಲೈವ್ಹೀಲ್‌ನಿಂದ ಕ್ಲಚ್ ತಟ್ಟೆ ಸಡಿಲಗೊಂಡು, ಗೇರ್ ಬಾಕ್ಸಿನ ಒಳದಂಡ ನಿಧಾನವಾಗುತ್ತದೆ. ಆಗ ಹಲ್ಲುಗಳು ಒಂದರೊಳಗೊಂದು ಕೂರುತ್ತವೆ. ತಟ್ಟೆ ಪೂರ್ತಿ ಬಿಡದಿದ್ದರೆ, ಓಡುವ ಹಲ್ಲಿಗೆ ನಿಂತ ಹಲ್ಲು ತಾಗಿ ಕರ್ರೆನ್ನುತ್ತದೆ. ಸದ್ದು ಬಂದದ್ದು ಗೇರ್ ಬಾಕ್ಸಿನಿಂದಲೇ, ಆದರೆ ತಪ್ಪು ಅದರದ್ದಲ್ಲ!

ಎರಡನೆಯ ಪರೀಕ್ಷೆ. ಎಂಜಿನ್ ಓಡುತ್ತಿರುವಾಗ ಕ್ಲಚ್ ಪೆಡಲನ್ನು ಐದಾರು ಸಲ ಬೇಗಬೇಗ ಒತ್ತಿ, ಕೊನೆಗೆ ಒತ್ತಿ ಹಿಡಿದು ಗೇರ್ ಹಾಕಿದರು. ಬಿತ್ತು! ಕ್ಷಣ ಬಿಟ್ಟು ಒಂದೇ ಸಲ ಒತ್ತಿ ನೋಡಿದರೆ ಮತ್ತೆ ಕರ್ರ್. ಇದು ಕ್ಲಚ್ ತಟ್ಟೆಯ ದೋಷಕ್ಕಿಂತ, ಅದನ್ನು ಬಿಡಿಸುವ ದ್ರವದ ವ್ಯವಸ್ಥೆಯ ದೋಷವೆಂಬುದಕ್ಕೆ ಸೂಚನೆ.

ಇಲ್ಲಿ ಪಿಯುಸಿ ಪುಸ್ತಕದ ಪಾಸ್ಕಲ್ ನಿಯಮ ಬರುತ್ತದೆ. ಮುಚ್ಚಿದ ದ್ರವದ ಒಂದೆಡೆ ಕೊಟ್ಟ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆ. ಹೆರಾಲ್ಡಿನಲ್ಲಿ ಪೆಡಲ್ ಒತ್ತಿದರೆ ಮೇಲಿನ ಮಾಸ್ಟರ್ ಸಿಲಿಂಡರಿನ ದ್ರವ ಕೊಳವೆಯ ಮೂಲಕ ಕೆಳಗಿನ ಸ್ಲೇವ್ ಸಿಲಿಂಡರಿಗೆ ಹೋಗಿ, ಅಲ್ಲಿನ ಪಿಸ್ಟನ್ನು ಕ್ಲಚ್ಚನ್ನು ಬಿಡಿಸುತ್ತದೆ. ಲೆಕ್ಕಕ್ಕಾಗಿ, ಮೇಲಿನ ಪಿಸ್ಟನ್ನಿನ ವಿಸ್ತೀರ್ಣ 2 ಚ.ಸೆಂ.ಮೀ., ಕೆಳಗಿನದು 3 ಚ.ಸೆಂ.ಮೀ. ಎಂದುಕೊಳ್ಳಿ. ಮೇಲಿನದು 3 ಸೆಂ.ಮೀ. ಚಲಿಸಿದರೆ 6 ಘ.ಸೆಂ.ಮೀ. ದ್ರವ ಹೊರಡುತ್ತದೆ, ಕೆಳಗಿನದು 2 ಸೆಂ.ಮೀ. ಚಲಿಸುತ್ತದೆ. ಬಲ ಒಂದೂವರೆ ಪಟ್ಟು, ಚಲನೆ ಕಡಿಮೆ. ಮತ್ತೆ ಅದೇ ವ್ಯಾಪಾರ! ಈಗ ಸವೆದ ರಬ್ಬರ್ ವಾಷರಿನ ಪಕ್ಕದಿಂದ 1.5 ಘ.ಸೆಂ.ಮೀ. ದ್ರವ ನುಸುಳಿತೆನ್ನಿ. ಕೆಳಗಿನ ಪಿಸ್ಟನ್ ಚಲಿಸುವುದು 1.5 ಸೆಂ.ಮೀ. ಮಾತ್ರ. ಆ ಅರ್ಧ ಸೆಂ.ಮೀ. ಕೊರತೆ ಸಾಕು, ತಟ್ಟೆ ಪೂರ್ತಿ ಬಿಡುವುದಿಲ್ಲ. ಗಾಳಿಯ ಗುಳ್ಳೆ ಸೇರಿದರೂ ಇದೇ ಫಲ. ದ್ರವ ಕುಗ್ಗುವುದಿಲ್ಲವೆಂದೇ ಹೇಳಬಹುದು, ಗಾಳಿ ಕುಗ್ಗುತ್ತದೆ. ಒತ್ತಿದ ಶ್ರಮ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ.

ಹುಡುಗಿ ಈ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದವಳು. ಆದರೆ ಅದನ್ನು ಕಣ್ಣಾರೆ ಕಂಡದ್ದು ಆ ದಿನವೇ.

ಹೆರಾಲ್ಡಿನಲ್ಲಿ ಗೇರ್ ಬಾಕ್ಸನ್ನು ಮುಚ್ಚಿರುವ ಹೊದಿಕೆ ಕಾರಿನ ಒಳಗೇ, ಎರಡು ಸೀಟುಗಳ ನಡುವೆ ಇದೆ. ಅದನ್ನು ಬಿಚ್ಚಿದಾಗ ಸ್ಲೇವ್ ಸಿಲಿಂಡರ್ ಕಣ್ಣಿಗೆ ಬಿತ್ತು. ಅದರ ರಬ್ಬರ್ ಟೊಪ್ಪಿಗೆಯ ಸುತ್ತ ಒದ್ದೆ. ವರ್ಷಗಟ್ಟಲೆ ಬದಲಿಸದ ದ್ರವ ಕಂದುಬಣ್ಣಕ್ಕೆ ತಿರುಗಿತ್ತು. ಈ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವದಿಂದ ಸಿಲಿಂಡರಿನ ಒಳಗೋಡೆಗೆ ತುಕ್ಕು, ತುಕ್ಕಿನಿಂದ ವಾಷರಿಗೆ ಗೀರು. ವರ್ಷವಿಡೀ ನಿಂತದ್ದೇ ಕಾರಿನ ರೋಗ!

ಆದರೂ ಉಸ್ತಾದ್ ಗೇರ್ ಬಾಕ್ಸನ್ನು ಸುಮ್ಮನೆ ಬಿಡಲಿಲ್ಲ. ಅದರ ಎಣ್ಣೆಯನ್ನು ತಟ್ಟೆಗೆ ಇಳಿಸಿ, ಅಯಸ್ಕಾಂತ ಆಡಿಸಿದರು. ನುಣ್ಣನೆಯ ಬೂದುಬಣ್ಣದ ಪುಡಿ ಅಂಟಿತು. ಅದು ವಯಸ್ಸಿನ ಸವೆತ, ಭಯವಿಲ್ಲ. ಉಕ್ಕಿನ ಚಕ್ಕೆಯೋ ಹಲ್ಲಿನ ಚೂರೋ ಬಂದಿದ್ದರೆ ಬಾಕ್ಸ್ ಬಿಚ್ಚಲೇಬೇಕಾಗಿತ್ತು. ಆದರೆ ತಟ್ಟೆಯಲ್ಲಿ ಇನ್ನೊಂದಿತ್ತು: ಅಯಸ್ಕಾಂತಕ್ಕೆ ಅಂಟದ, ಹೊಂಬಣ್ಣದ ಕಣಗಳು. ಅದು ಹಿತ್ತಾಳೆ. ಎರಡು ಹಲ್ಲುಗಾಲಿಗಳ ವೇಗವನ್ನು ಸರಿದೂಗಿಸಿ ಸದ್ದಿಲ್ಲದೆ ಜೋಡಿಸುವ ‘ಸಿಂಕ್ರೋಮೆಷ್’ ಉಂಗುರದ ಪುಡಿ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದ ಈ ಉಂಗುರ, ಹೆರಾಲ್ಡಿನಲ್ಲಿ ಮೊದಲ ಗೇರಿಗೆ ಇಲ್ಲ. ಉಳಿದ ಮೂರಕ್ಕೆ ಇದೆ. “ಎರಡನೇ ಗೇರಿಂದು ಸವದದ. ಈಗ ಬಿಚ್ಚೋದು ಬ್ಯಾಡ. ಡಬಲ್ ಕ್ಲಚ್ ಮಾಡಿ ಹಾಕ್ರಿ, ಇನ್ನೂ ನಡೀತದ” ಎಂದರು ಉಸ್ತಾದ್. ಮೇಲಿನ ಗೇರಿನಿಂದ ಇಳಿಸುವಾಗ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಸ್ವಲ್ಪ ಎಕ್ಸಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಬೇಕು. ಹಳೆಯ ಲಾರಿ ಚಾಲಕರಿಗೆ ಇದು ಬೆರಳ ತುದಿಯ ವಿದ್ಯೆ.

ಹೊಸ ಎಣ್ಣೆ ಹಾಕುವಾಗಲೂ ಎಚ್ಚರ ಬೇಕು. ಜಿಎಲ್-5 ಗುರುತಿನ ಕೆಲವು ಎಣ್ಣೆಗಳಲ್ಲಿನ ಗಂಧಕದ ಸಂಯುಕ್ತಗಳು ಹಿತ್ತಾಳೆಯನ್ನು ತಿನ್ನುತ್ತವೆ. ಹಳೆಯ ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯದು ಕ್ಷೇಮ. ದುಬಾರಿಯಾದದ್ದೆಲ್ಲ ಒಳ್ಳೆಯದಲ್ಲ!

ಕಡೆಗೆ ಆದ ಖರ್ಚು ವಾಷರ್ ಕಿಟ್, ದ್ರವ, ಎಣ್ಣೆ ಮತ್ತು ಒಂದು ದಿನದ ಕೂಲಿ. ಗಾಳಿ ತೆಗೆಯುವಾಗ ಪೆಡಲ್ ಒತ್ತಿದವಳು ಹುಡುಗಿಯೇ. ಗುಜರಿಗೆ ಹೋಗಲಿದ್ದ ಕಾರು ಏರಿನಲ್ಲಿ ಮತ್ತೆ ಗೇರ್ ಹಿಡಿಯಿತು. 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ ಎಂಬುದು ತಂದೆಗೆ ಗೊತ್ತಾದದ್ದೂ ಆಗಲೇ.

ಮರಳುವಾಗ ಉಸ್ತಾದ್, “ಸಾಹುಕಾರ್ರ, ನಿಮ್ಮ ಹುಡುಗಿ ತಲಿ ಈ ಕೆಲಸಕ್ಕ ಭಾಳ ಛಲೋ ಅದ” ಎಂದರು. ಮಗಳು ಡಾಕ್ಟರಾಗಬೇಕೆಂಬುದು ತಂದೆಯ ಆಸೆ. ತನಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಇಷ್ಟವೆಂದು ಅವಳು ಎರಡು ಸಲ ಹೇಳಿ ಬೈಸಿಕೊಂಡಿದ್ದಳು. ತಂದೆ ಆಗ ಏನೂ ಹೇಳಲಿಲ್ಲ. ಕಮಲಾಪುರ ಹತ್ತಿರ ಬಂದಾಗ, “ಆ ಎಂಜಿನಿಯರಿಂಗ್ ಅರ್ಜಿ ತುಂಬೋ ತಾರೀಖು ಯಾವಾಗವ್ವಾ?” ಎಂದು ಕೇಳಿದರು.

ವಿದ್ಯಾರ್ಥಿಗಳೇ, ನೀವೂ ಮಾಡಿ ನೋಡಿ. ಸೂಜಿಯಿಲ್ಲದ ಹೊಸ ಸಿರಿಂಜುಗಳೆರಡು, ಒಂದು 5 ಮಿ.ಲೀ., ಒಂದು 20 ಮಿ.ಲೀ., ಮತ್ತು ಅವುಗಳ ಬಾಯಿಗೆ ಬಿಗಿಯಾಗಿ ಕೂರುವ ಸಣ್ಣ ಪ್ಲಾಸ್ಟಿಕ್ ಕೊಳವೆ ತನ್ನಿ. ನೀರು ತುಂಬಿ, ಗಾಳಿ ಉಳಿಯದಂತೆ ಜೋಡಿಸಿ. ಸಣ್ಣದನ್ನು ನೀವು ಒತ್ತಿ, ದೊಡ್ಡದನ್ನು ಅಪ್ಪನೋ ಅವ್ವನೋ ತಡೆದು ಹಿಡಿಯಲಿ. ಗೆಲ್ಲುವವರು ಯಾರು? ಬಳಿಕ ಕೊಳವೆಯಲ್ಲಿ ಬೇಕೆಂದೇ ಒಂದು ಗಾಳಿಯ ಗುಳ್ಳೆ ಬಿಟ್ಟು ಮತ್ತೆ ಒತ್ತಿ. ಬೆರಳಿಗೆ ಬರುವ ಆ ಮೆತ್ತನೆಯ ಅನುಭವವೇ ಕಮಲಾಪುರದ ಏರಿನಲ್ಲಿ ಕಾರನ್ನು ನಿಲ್ಲಿಸಿದ್ದು.