ಕ್ಲಚ್ ಬಿಡ್ತಿಲ್ವಾ, ಹಿಡೀತಿಲ್ವಾ? ಮೊದ್ಲು ಅದನ್ನ ಹೇಳಿ

(1)
ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರ ಮನೇಲಿ ಹಳೆ ಕ್ಯಾಂಟರೋ ಲಾರಿಯೋ ಇದೆಯೋ ಅವ್ರೆಲ್ಲ ಇದನ್ನ ಪೂರ್ತಿ ಓದಿ. ಇಲ್ದೇ ಇರೋರೂ ಓದಿ ಮಾರಾಯ್ರೆ. ನಿಮ್ಮನೆ ಅಡಿಕೆ ಮೂಟೆ ಮಂಡಿಗೆ ಹೋಗೋದು, ಗೊಬ್ಬರ ಬರೋದು ಅದ್ರಲ್ಲೇ.

ಕ್ಲಚ್ ಪೆಡಲ್ ನೆಲಕ್ಕೆ ಹೋಯ್ತು, ಗೇರ್ ಬೀಳ್ತಿಲ್ಲ ಅಂದ ತಕ್ಷಣ ನಮ್ಮ ಕಡೆ ಎರಡು ತೀರ್ಪು ರೆಡಿ ಇರುತ್ತೆ. "ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸ್ಬೇಕು." "ಡ್ರೈವರ್ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ." ಎರಡೂ ನೋಡದೆ ಕೊಟ್ಟ ತೀರ್ಪು. ಮೊದಲನೆಯದರಲ್ಲಿ ಓನರ್ ದುಡ್ಡು ಹೋಗುತ್ತೆ, ಎರಡನೆಯದರಲ್ಲಿ ಡ್ರೈವರ್ ಸಂಬಳ.

(2)
ನಮ್ಮ ಮಾತಲ್ಲೇ ಇದಕ್ಕೆ ಎರಡು ಶಬ್ದ ಇವೆ. ಕ್ಲಚ್ "ಹಿಡೀತಿಲ್ಲ" ಅಂದ್ರೆ ಇಂಜಿನ್ ಕೂಗುತ್ತೆ, ಗಾಡಿ ಏರು ಹತ್ತಲ್ಲ, ಸುಟ್ಟ ವಾಸನೆ ಬರುತ್ತೆ. ಪ್ಲೇಟ್ ಸವೆದ್ರೆ ಆಗೋದು ಇದು. ಕ್ಲಚ್ "ಬಿಡ್ತಿಲ್ಲ" ಅಂದ್ರೆ ಇಂಜಿನ್ ಆಫ್ ಇದ್ದಾಗ ಗೇರ್ ಆರಾಮಾಗಿ ಬೀಳುತ್ತೆ, ಸ್ಟಾರ್ಟ್ ಮಾಡಿದ್ರೆ ಕರಕರ ಅನ್ನುತ್ತೆ, ರಿವರ್ಸ್ ಅಂತೂ ಕೇಳೋದೇ ಬೇಡ. ಒಂದಕ್ಕೊಂದು ಪೂರ್ತಿ ಉಲ್ಟಾ ಕಾಯಿಲೆ. ಎರಡಕ್ಕೂ ಒಂದೇ ಔಷಧಿ ಬರೆದುಕೊಡೋ ಡಾಕ್ಟ್ರ ಹತ್ರ ನೀವು ಹೋಗ್ತೀರಾ?

ಹೈಡ್ರಾಲಿಕ್ ಕ್ಲಚ್‌ನಲ್ಲಿ ಪೆಡಲ್ ಮತ್ತು ಪ್ಲೇಟ್ ನಡುವೆ ಕೇಬಲ್ ಇರಲ್ಲ, ಬ್ರೇಕ್ ಆಯಿಲ್ ಇರುತ್ತೆ. ಪೆಡಲ್ ಒತ್ತಿದ್ರೆ ಮಾಸ್ಟರ್ ಸಿಲಿಂಡರ್ ಆಯಿಲನ್ನ ಪೈಪಲ್ಲಿ ತಳ್ಳುತ್ತೆ, ಗೇರ್ ಬಾಕ್ಸ್ ಹತ್ರ ಇರೋ ಸ್ಲೇವ್ ಸಿಲಿಂಡರ್ ಒಂದು ರಾಡನ್ನ ತಳ್ಳುತ್ತೆ, ಆ ರಾಡ್ ಫೋರ್ಕನ್ನ, ಫೋರ್ಕ್ ಬೇರಿಂಗನ್ನ. ದ್ರವ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಪೈಪಿಗೆ ಚೂರು ಗಾಳಿ ಸೇರಿದ್ರೂ ನಿಮ್ಮ ಕಾಲಿನ ಬಲ ಗಾಳಿಯನ್ನ ಅದುಮೋದ್ರಲ್ಲೇ ಮುಗಿಯುತ್ತೆ, ರಾಡ್ ಅರ್ಧದಲ್ಲೇ ನಿಲ್ಲುತ್ತೆ.

(3)
ಹಾಗಾಗಿ ಗೇರ್ ಬಾಕ್ಸ್‌ಗೆ ಕೈ ಹಾಕೋ ಮೊದ್ಲು ಹತ್ತು ನಿಮಿಷದ ಕೆಲಸ ಇದೆ. ಡಬ್ಬಿಯಲ್ಲಿ ಆಯಿಲ್ ಎಷ್ಟಿದೆ ನೋಡಿ. ಪೆಡಲ್ ಹತ್ರ ಮ್ಯಾಟ್ ಎತ್ತಿ, ಒದ್ದೆ ಇದ್ರೆ ಮಾಸ್ಟರ್ ಸಿಲಿಂಡರ್ ಸೋರ್ತಿದೆ. ಕೆಳಗೆ ಹೋಗಿ ಸ್ಲೇವ್‌ನ ರಬ್ಬರ್ ಬೂಟ್ ಸರಿಸಿ (ಎರಡನೇ ಫೋಟೋ), ಒಳಗೆ ಒದ್ದೆ ಇದ್ರೆ ಅದ್ರ ಕಪ್ ಹೋಗಿದೆ. ನಾಲ್ಕು ಸಲ ಪಂಪ್ ಮಾಡಿದ್ರೆ ಪೆಡಲ್ ಮೇಲೆ ಬರುತ್ತಾ? ಗಾಳಿ ಇದೆ, ಇಲ್ಲಾ ಕಪ್ ಸವೆದಿದೆ. ಎಲ್ಲೂ ಸೋರಿಕೆ ಇಲ್ಲ, ಆದ್ರೆ ಪೆಡಲ್ ಒತ್ತಿ ಹಿಡಿದ್ರೆ ನಿಧಾನ ಒಳಗೆ ಇಳೀತಾ ಹೋಗುತ್ತಾ? ಮಾಸ್ಟರ್ ಒಳಗಿನ ಕಪ್ ಆಯಿಲನ್ನ ಹಿಂದಕ್ಕೆ ಬಿಡ್ತಿದೆ.

ಕೊನೆಗೆ, ಚಕ್ರಕ್ಕೆ ಕಲ್ಲಿಟ್ಟು, ಇಂಜಿನ್ ಆಫ್ ಮಾಡಿ, ಒಬ್ರು ಪೆಡಲ್ ಒತ್ತಿ, ಇನ್ನೊಬ್ರು ಸ್ಲೇವ್ ರಾಡ್ ನೋಡಿ. ರಾಡ್ ಸರಿಯಾಗಿ ಚಲಿಸ್ತಿಲ್ಲ ಅಂದ್ರೆ ತೊಂದ್ರೆ ಹೊರಗಿದೆ. ಪೂರ್ತಿ ಚಲಿಸಿಯೂ ಕ್ಲಚ್ ಬಿಡ್ತಿಲ್ಲ ಅಂದ್ರೆ ಒಳಗಿದೆ, ಆಗ ಇಳಿಸಿ, ನನ್ನದೇನೂ ತಕರಾರಿಲ್ಲ. ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತ ಗಾಡಿಯ ಪ್ಲೇಟ್ ಫ್ಲೈವೀಲ್‌ಗೆ ತುಕ್ಕಲ್ಲಿ ಅಂಟಿಕೊಳ್ಳೋದೂ ಇದೆ. ಏರ್ ಬೂಸ್ಟರ್ ಇರೋ ದೊಡ್ಡ ಲಾರಿಯಲ್ಲಿ ಗಾಳಿ ಒತ್ತಡವನ್ನೂ ನೋಡ್ಬೇಕು.

(4)
ಮೊದಲನೇ ಫೋಟೋ ನೋಡಿದ್ರಲ್ಲ, ಅದು ನಮ್ಮ ದೊಡ್ಡಪ್ಪನ ಕ್ಯಾಂಟರಿಂದ ತೆಗೆದು ಮೂಲೆಗೆ ಬಿಸಾಕಿದ ಪ್ಲೇಟು. ರಿವೆಟ್ ತಲೆ ಇನ್ನೂ ಎಷ್ಟು ಒಳಗಿದೆ ನೋಡಿ. ಇದು ಸವೆದ ಪ್ಲೇಟಾ? ಒಂದು ಗ್ಯಾರೇಜಲ್ಲಿ (ಹೆಸರು ಬೇಡ) ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಎಲ್ಲ ಹೊಸದು ಹಾಕಿದ್ರು. ಮೂರು ವಾರ ಗಾಡಿ ಸರಿ ಇತ್ತು. ಸರಿ ಇದ್ದಿದ್ದು ಹೊಸ ಪ್ಲೇಟಿಂದ ಅಲ್ಲ, ಜೋಡಿಸುವಾಗ ಆಯಿಲ್ ತುಂಬಿ ಏರ್ ತೆಗೆದಿದ್ರಿಂದ. ನಾಲ್ಕನೇ ವಾರ ಮತ್ತೆ ಪೆಡಲ್ ನೆಲಕ್ಕೆ. ಬೂಟ್ ಸರಿಸಿದ್ರೆ ಸ್ಲೇವ್ ಪೂರ್ತಿ ಒದ್ದೆ.

ನಮ್ಮ ಡ್ರೈವರಣ್ಣ ಮೊದಲ ದಿನವೇ ಹೇಳಿದ್ರು, "ರಾತ್ರಿ ನಿಲ್ಸಿದ್ರೆ ಬೆಳಿಗ್ಗೆ ಪೆಡಲ್ ಇರಲ್ಲ, ಪಂಪ್ ಮಾಡಿದ್ರೆ ಬರುತ್ತೆ" ಅಂತ. ಅದಕ್ಕಿಂತ ಸರಿಯಾದ ರಿಪೋರ್ಟ್ ಯಾವ ಇಂಜಿನಿಯರೂ ಕೊಡಲ್ಲ. ಯಾರೂ ಕೇಳ್ಲಿಲ್ಲ. ಬದ್ಲಿಗೆ ಅವ್ರ ಸಂಬಳದಲ್ಲಿ ಎರಡು ಸಾವಿರ ಮುರ್ಕೊಂಡ್ರು. ಕಾಲಿಟ್ಟು ಓಡಿಸಿದ್ರೆ ಸವೆಯೋದು ಪ್ಲೇಟು, ಬೇರಿಂಗು. ರಬ್ಬರ್ ಕಪ್ ಹಾಳಾಗೋದು ವಯಸ್ಸಿಗೆ, ತೇವಕ್ಕೆ, ಕೊಳೆ ಆಯಿಲ್‌ಗೆ. ಆ ದುಡ್ಡು ಇನ್ನೂ ವಾಪಸ್ ಕೊಟ್ಟಿಲ್ಲ. ದೊಡ್ಡಪ್ಪ ಇನ್‌ಸ್ಟಾದಲ್ಲಿ ಇಲ್ಲ, ಆದ್ರೆ ಅವ್ರ ಮಕ್ಕಳಿಬ್ರೂ ಇದ್ದಾರೆ, ಓದ್ಲಿ.

(5)
ಗ್ಯಾರೇಜ್‌ನವರನ್ನ ಬೈಯೋದು ಸುಲಭ. ನಾವು ಬಿಕಾಂನವರು, ಸ್ವಲ್ಪ ಲೆಕ್ಕ ನೋಡಣ. ಮೆಕ್ಯಾನಿಕ್ ಗಾಡಿ ಕೆಳಗೆ ಮಲಗಿ ಅರ್ಧ ಗಂಟೆ ಪರೀಕ್ಷೆ ಮಾಡಿ "ಕಪ್ ಕಿಟ್ ಸಾಕು" ಅಂದ್ರೆ ನಾವು ಕೊಡೋದೆಷ್ಟು? "ನೋಡಿದ್ದಕ್ಕೂ ದುಡ್ಡಾ?" ಅಂತೀವಿ. ಅದೇ ಗೇರ್ ಬಾಕ್ಸ್ ಇಳಿಸಿದ್ರೆ ಬಾಯಿ ಮುಚ್ಕೊಂಡು ಸಾವಿರಗಟ್ಲೆ ಎಣಿಸ್ತೀವಿ. ಬಿಚ್ಚಿದ್ದಕ್ಕೆ ಮಾತ್ರ ಕೂಲಿ ಅಂತ ನಾವೇ ನಿಯಮ ಮಾಡಿಟ್ಟು, ಅವ್ರು ಬಿಚ್ಚಿದ್ರು ಅಂತ ಅಳೋದು ಯಾವ ನ್ಯಾಯ? ನೋಡಿದ್ದಕ್ಕೆ ಒಂದು ರೇಟ್ ಕೊಡಿ. ಕಪ್ ಕಿಟ್ ಬೆಲೆ ಕೆಲವು ನೂರು ಅಷ್ಟೇ. ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬಿದ್ದಿದ್ರೆ ಸಿಲಿಂಡರೇ ಬದಲಿಸ್ಬೇಕು, ಆದ್ರೂ ಕ್ಲಚ್ ಸೆಟ್ಟಿಗಿಂತ ಎಷ್ಟೋ ವಾಸಿ.

"ಬಿಲ್ ಇದ್ರೆ ಟ್ಯಾಕ್ಸಲ್ಲಿ ಕಳೀಬಹುದು" ಅನ್ನೋರಿಗೆ: 44ಎಇ ಅಂತ ನಾವು ಓದಿದ ಲೆಕ್ಕದಲ್ಲಿ 12 ಟನ್ ಒಳಗಿನ ಗಾಡಿಗೆ ತಿಂಗಳಿಗೆ 7,500 ರೂ. ಲಾಭ ಅಂತ ಹಿಡೀತಾರೆ. ಗಾಡಿ ಗ್ಯಾರೇಜಲ್ಲಿ ಮಲಗಿದ್ರೂ ಅಷ್ಟೇ, ರಿಪೇರಿ ಖರ್ಚು ಬೇರೆ ಕಳೆಯೋ ಹಾಗಿಲ್ಲ. ಇನ್ನು "ಹಳೇದು, ಗುಜರಿಗೆ ಹಾಕಿ" ಅನ್ನೋರು. ಬಾಡಿಗೆ ಲಾರಿಗೆ ಡೆಪ್ರಿಸಿಯೇಷನ್ 30%, ಅಂದ್ರೆ 100 ರೂ. ಲಾರಿ 10 ವರ್ಷಕ್ಕೆ ಪುಸ್ತಕದಲ್ಲಿ 3 ರೂ.ಗೂ ಕಮ್ಮಿ. ಪುಸ್ತಕದಲ್ಲಿ ಸತ್ತ ಅದೇ ಲಾರಿ ನಮ್ಮಲ್ಲಿ ಎಷ್ಟೋ ಮನೆಯ ಕಾಲೇಜ್ ಫೀಸ್ ಕಟ್ತಿದೆ.

(6)
ನಮ್ಮ ಮಳೆ ಬಗ್ಗೆ ಒಂದು ಮಾತು. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ, ಅದ್ರಿಂದಲೇ ಸಿಲಿಂಡರ್ ಒಳಗೆ ತುಕ್ಕು. ಆಗುಂಬೆ, ಹುಲಿಕಲ್ ಮಳೆಯಲ್ಲಿ ತಿರುಗೋ ಗಾಡಿಗೆ ಆಯಿಲ್ ಕಪ್ಪಾಗೋ ತನಕ ಕಾಯ್ಬೇಡಿ. ಇನ್ನು, ಕೈಗೆ ಸಿಕ್ತು ಅಂತ ಇಂಜಿನ್ ಆಯಿಲ್ ಹುಯ್ಯೋ ಪುಣ್ಯಾತ್ಮರಿದ್ದಾರೆ. ರಬ್ಬರ್ ಉಬ್ಬಿ ಎಲ್ಲಾ ಕಪ್ಪೂ ಒಟ್ಟಿಗೆ ಹೋಗುತ್ತೆ. ಡಬ್ಬಿ ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಏನು ಬರೆದಿದೆಯೋ ಅದೇ ಹಾಕಿ.

ಮಳೆಗಾಲದಲ್ಲಿ ಆಗುಂಬೆ ಘಾಟಿಯ 14 ತಿರುವಲ್ಲಿ ಭಾರಿ ವಾಹನ ನಿಲ್ಲಿಸಿದಾಗ ಲಾರಿಗಳನ್ನ ಮಾಸ್ತಿಕಟ್ಟೆ, ಹುಲಿಕಲ್ ಕಡೆ ತಿರುಗಿಸ್ತಾರೆ. ಅದೂ ಘಾಟಿಯೇ. ಲೋಡ್ ಗಾಡಿ ಇಳಿಯೋದು ಗೇರಿನ ಮೇಲೆ. ಕ್ಲಚ್ ಬಿಡದೆ ಇದ್ರೆ ಸಣ್ಣ ಗೇರಿಗೆ ಬರಕ್ಕಾಗಲ್ಲ, ನ್ಯೂಟ್ರಲ್ಲಲ್ಲಿ ಸಿಕ್ಕಿಕೊಂಡ್ರೆ ಉಳಿಯೋದು ಬ್ರೇಕ್ ಮಾತ್ರ. ಕೆಲವು ಗಾಡಿಯಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಆಯಿಲ್ ಡಬ್ಬಿ ಒಂದೇ. ಅಂಥ ಗಾಡಿಯ ಡ್ರೈವರ್ "ಪೆಡಲ್ ಯಾಕೋ ಸರಿ ಇಲ್ಲ" ಅಂದ್ರೆ, "ಉಡುಪಿಗೆ ಹೋಗಿ ಬಾ, ಆಮೇಲೆ ನೋಡಣ" ಅನ್ನಬೇಡಿ. ಅಲ್ಲೇ ನಿಲ್ಸಿ, ಡಬ್ಬಿ ಮುಚ್ಚಳ ತೆಗೀರಿ.